ಮುಯ್ಯಾಳಿನ ಕೈ

ಆಸ್ಪತ್ರೆಯ ಚೀಟಿಯ ಪ್ರಕಾರ ಬಲಗೈ ಕಳೆದುಕೊಂಡಿದ್ದ ಹೆಂಗಸು ಮಾರನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಮುಂದೆ ಎರಡೂ ಕೈ ಮುಗಿದುಕೊಂಡು ನಿಂತಿದ್ದಳು.

ನಾನು ಚೀಟಿ ನೋಡಿದೆ, ಅವಳನ್ನು ನೋಡಿದೆ. ಹೆಸರು ಕೇಳಿದೆ. ಚೀಟಿಯಲ್ಲಿದ್ದ ಹೆಸರನ್ನೇ ಹೇಳಿದಳು. ಗಂಡನ ಹೆಸರು, ಊರು ಎಲ್ಲ ಸರಿಯಾಗಿತ್ತು.

“ಹಾಗಾದ್ರೆ ನಿನ್ನೆ ಕೈ ಹೋದೋಳು ಯಾರಮ್ಮ?”

“ನನ್ ಓರಗಿತ್ತಿ ಸ್ವಾಮಿ, ಮೈದುನನ ಹೆಂಡ್ತಿ. ನನ್ ಬದ್ಲಿಗೆ ಬಂದಿದ್ಲು. ಮುಯ್ಯಿಗೆ.” ಅಷ್ಟು ಹೇಳಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದು ಕೂತಳು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿಗೂ ಕಿಬ್ಬನಹಳ್ಳಿಗೂ ನಡುವೆ ರಸ್ತೆ ಪಕ್ಕದಲ್ಲಿದ್ದ ಒಂದು ತೆಂಗಿನ ನಾರಿನ ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ಅಧಿಕಾರಿ. ಸೇರಿ ಇನ್ನೂ ಒಂದು ಮಳೆಗಾಲವಷ್ಟೇ ಕಳೆದಿತ್ತು. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಹಾಜರಿ, ರಜೆ, ಜಗಳ ನೋಡಿಕೊಳ್ಳುವುದು. ತಪ್ಪು ಮಾಡಿದವರಿಗೆ ಆರೋಪಪತ್ರ ಕೊಡುವವನೂ ನಾನೇ, ಕೂತು ವಿಚಾರಣೆ ಮಾಡುವವನೂ ನಾನೇ. ಹೆಂಗಸರು ಬೆನ್ನ ಹಿಂದೆ ನನ್ನನ್ನು ‘ಚಾರ್ಜ್‌ಶೀಟಪ್ಪ’ ಅನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ನನಗೇನೂ ಬೇಜಾರಾಗುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲಿ ಕೋಪ ಅನ್ನುವುದು ಊರಿಗೇ ಗೊತ್ತಿದ್ದ ವಿಷಯ.

ಅಲ್ಲಿನ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಕಾಯಿ ಸುಲಿದ ಸಿಪ್ಪೆಯನ್ನು ತೊಟ್ಟಿಯಲ್ಲಿ ನೆನೆಹಾಕುತ್ತಿದ್ದರು. ನೆನೆದ ಸಿಪ್ಪೆಯನ್ನು ಡ್ರಮ್ಮಿಗೆ ಕೊಡುತ್ತಿದ್ದರು. ಡ್ರಮ್ಮು ಅಂದರೆ ಮೈತುಂಬ ಮೊಳೆ ಹೊಡೆದ ದೊಡ್ಡ ಉರುಳೆ, ಬೆಲ್ಟಿನಲ್ಲಿ ಗಿರ್ರನೆ ತಿರುಗುತ್ತದೆ. ಹೆಂಗಸು ಸಿಪ್ಪೆಯ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಮೊಳೆಗೆ ಒಡ್ಡಬೇಕು. ಹೊಟ್ಟು ಕೆಳಗೆ ಉದುರಿ ನಾರು ಕೈಯಲ್ಲಿ ಉಳಿಯುತ್ತದೆ. ಆಮೇಲೆ ತಿರುಗಿಸಿ ಹಿಡಿಯಬೇಕು. ಹೊಸಬರಿಗೆ ಮೊದಲು ಕಲಿಸುತ್ತಿದ್ದ ಪಾಠ ಒಂದೇ: ನಾರು ಬೆರಳಿಗೆ ಸುತ್ತಿಕೊಂಡರೆ ಸಿಪ್ಪೆಯನ್ನು ಬಿಟ್ಟುಬಿಡು, ಎಳೆಯಬೇಡ. ಸಿಪ್ಪೆ ಹಾಳಾದರೆ ಹಾಳಾಯಿತು.

ಹಾಜರಿಗೆ ಹಿತ್ತಾಳೆ ಬಿಲ್ಲೆಗಳಿದ್ದವು. ಬಿಲ್ಲೆ ಯಾರ ಮನೆಗೂ ಹೋಗುವಂತಿರಲಿಲ್ಲ. ಸಂಜೆ ಮೇಸ್ತ್ರಿಯ ಕೋಣೆಯ ಹಲಗೆಗೆ ನೇತುಹಾಕಿ ಬೀಗ. ಬೆಳಿಗ್ಗೆ ಮೇಸ್ತ್ರಿ ಒಬ್ಬೊಬ್ಬರ ಮುಖ ನೋಡಿ, ಹೆಸರು ಕೂಗಿ, ಕೈಗೆ ಕೊಡುತ್ತಿದ್ದ.

ಇನ್ನು ಮುಯ್ಯಿ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮದು ದಂಡಿನಶಿವರದ ಕಡೆ. ಇವತ್ತು ನಿಮ್ಮ ಹೊಲದ ಕುಯ್ಲಿಗೆ ನಾನು ಬಂದರೆ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಆಳಿಗೆ ಆಳು, ದಿನಕ್ಕೆ ದಿನ. ಮುಯ್ಯಿ ಉಳಿಸಿಕೊಂಡ ಮನೆಯವರು ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಇನ್ನೊಂದು ಕಟ್ಟೂ ಇತ್ತು: ಮುಯ್ಯಾಳಾಗಿ ಹೋದವರು ಆ ಮನೆಯ ಕೆಲಸ ಕೆಡಿಸಬಾರದು. ಸ್ವಂತ ಹೊಲದಲ್ಲಿ ಮೈಗಳ್ಳತನ ಮಾಡು ಬೇಕಾದರೆ, ಮುಯ್ಯಿಗೆ ಹೋದ ಹೊಲದಲ್ಲಿ ಕೂಡದು ಎಂದು ನಮ್ಮವ್ವ ಬೈಯುತ್ತಿದ್ದಳು. ಆದರೆ ಹೊಲದ ಆ ಪದ್ಧತಿ ಕಾರ್ಖಾನೆಯ ಗೇಟು ದಾಟಿ ಒಳಗೆ ಬಂದಿದೆ ಎಂದು ನನಗೆ ತಿಳಿದದ್ದು ಆ ಬೆಳಿಗ್ಗೆಯೇ.

ರಾಗಿ ಕುಯ್ಲಿನ ಸುಗ್ಗಿ ಅದು. ಹಿರಿಯಾಕೆ, ಅಂದರೆ ನನ್ನೆದುರು ಕೂತಿದ್ದವಳು, ಒಂದು ಮನೆಗೆ ಕುಯ್ಲಿನ ಮುಯ್ಯಿ ತೀರಿಸಬೇಕಾಗಿತ್ತು. ಕಾರ್ಖಾನೆಯಲ್ಲಿ ಸುಗ್ಗಿಗೆ ರಜೆಯಿಲ್ಲ. ಹೇಳದೆ ತಪ್ಪಿಸಿಕೊಂಡವರ ಜಾಗಕ್ಕೆ ಗೇಟಿನಲ್ಲಿ ಬೇರೆಯವರು ಕಾದಿರುತ್ತಿದ್ದರು. ಅದಕ್ಕೆ ಕಿರಿಯಾಕೆ, “ಹೋಗಕ್ಕ ನೀನು, ಒಂದಿನ ನಾನೋಗಿ ಬತ್ತೀನಿ” ಎಂದಳಂತೆ. ಮೇಸ್ತ್ರಿ ಹಿರಿಯಾಕೆಯ ಹೆಸರು ಕೂಗಿ, ಕಿರಿಯಾಕೆಯ ಕೈಗೆ ಬಿಲ್ಲೆ ಕೊಟ್ಟ. ಸುಗ್ಗಿಯಲ್ಲಿ ಎಲ್ಲರದೂ ಹೀಗೇ ನಡೆಯುತ್ತಿತ್ತು.

ಪಕ್ಕದ ಡ್ರಮ್ಮಿನಲ್ಲಿದ್ದವಳು ನನಗೆ ಆಮೇಲೆ ಹೇಳಿದ್ದು: ನಾರು ಬೆರಳಿಗೆ ಸುತ್ತಿಕೊಂಡಾಗ “ಬುಡೇ, ಬುಡೇ” ಎಂದು ಈ ಪಕ್ಕದವಳು ಕಿರುಚಿದಳು. ಕಿರಿಯಾಕೆಗೆ ಕೇಳಿಸಿತು, ತಿರುಗಿಯೂ ನೋಡಿದಳು. ಆದರೆ ಬಿಡಲಿಲ್ಲ. ಇನ್ನೊಂದು ಕೈಯನ್ನೂ ಹಾಕಿ ಸಿಪ್ಪೆಯನ್ನು ಎಳೆದುಕೊಳ್ಳಲು ನೋಡಿದಳು. ಅಕ್ಕನ ಲೆಕ್ಕದ ಸಿಪ್ಪೆ ಹಾಳಾಗಬಾರದಲ್ಲ. ಯಾರೋ ಓಡಿಹೋಗಿ ಬೆಲ್ಟು ತಪ್ಪಿಸುವ ಹೊತ್ತಿಗೆ ಬಲಗೈ ಮಣಿಕಟ್ಟಿನ ತನಕ ಒಳಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಇನ್ನೂ ಮೇಲಕ್ಕೆ ಕತ್ತರಿಸಬೇಕಾಯಿತು. ಕರೆದುಕೊಂಡು ಹೋದ ಮೇಸ್ತ್ರಿ ಅಲ್ಲಿ ಹಾಜರಿಯಲ್ಲಿದ್ದ ಹಿರಿಯಾಕೆಯ ಹೆಸರನ್ನೇ ಬರೆಸಿ ಬಂದ.

ನಮ್ಮ ಯಜಮಾನರು ಕೆಟ್ಟವರಲ್ಲ. ಸುದ್ದಿ ತಿಳಿದ ಕೂಡಲೇ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಓಡಿದ್ದರು, ಆ ಹುಡುಗಿಗೆ ರಕ್ತ ಕೊಡಲು ತಮ್ಮ ಮಗನನ್ನೇ ಕಳಿಸಿದ್ದರು. ಆದರೆ ಹೆಸರಿನ ವಿಷಯ ಗೊತ್ತಾದ ಮೇಲೆ ತುಮಕೂರಿನ ವಕೀಲರಿಗೆ ಫೋನ್ ಮಾಡಿದರು. ಫೋನ್ ಇಟ್ಟ ಮೇಲೆ ಬೇರೆಯೇ ಮನುಷ್ಯರಾಗಿದ್ದರು.

“ನೋಡ್ರೀ, ಕೈ ಹೋಗಿರೋಳು ನಮ್ಮ ಕೆಲಸದೋಳಲ್ಲ. ಸುಳ್ಳು ಹೆಸರಲ್ಲಿ ಒಳಗೆ ನುಗ್ಗಿರೋಳು. ಅವಳಿಗೂ ನಮಗೂ ಸಂಬಂಧ ಇಲ್ಲ. ಬದಲಿ ಕಳಿಸಿದೋಳಿಗೆ ಚಾರ್ಜ್‌ಶೀಟ್ ಕೊಡಿ, ಎನ್‌ಕ್ವೈರಿ ಮಾಡಿ, ತೆಗೀರಿ.”

“ಸಾರ್, ಮೇಸ್ತ್ರಿ ಒಳಗೆ ಬಿಟ್ಟಿದಾನೆ. ಸುಗ್ಗಿಲಿ ಎಲ್ಲರೂ ಹೀಗೇ ಬರ್ತಾರಂತೆ.”

“ಅಂತೆ ಕಂತೆ ಎಲ್ಲ ಬೇಡ. ಎನ್‌ಕ್ವೈರೀಲಿ ಯಾರು ಏನು ಹೇಳ್ತಾರೋ ಅದು.”

ನನಗೆ ಮೈ ಉರಿಯಿತು. ಕೆಲಸಕ್ಕೆ ಸೇರಿದ ದಿನ ಇದೇ ಮನುಷ್ಯ ಎದೆ ತಟ್ಟಿಕೊಂಡು ಹೇಳಿದ್ದರು: ರಾಗಿ ಕುಯ್ಲಿನಲ್ಲಿ ಬೇರೆ ಕಾರ್ಖಾನೆಗಳೆಲ್ಲ ಭಣಗುಡುತ್ತವೆ, ನಮ್ಮಲ್ಲಿ ಮಾತ್ರ ಒಂದು ಡ್ರಮ್ಮೂ ಖಾಲಿ ನಿಲ್ಲುವುದಿಲ್ಲ, ಅದು ನಮ್ಮ ಮ್ಯಾನೇಜ್‌ಮೆಂಟು ಕಣ್ರೀ, ಎಂದು. ಯಾರ ಮ್ಯಾನೇಜ್‌ಮೆಂಟು? ಈ ಹೆಂಗಸರದು. ಅಕ್ಕನ ಬದಲು ತಂಗಿ, ಅತ್ತೆಯ ಬದಲು ಸೊಸೆ ಬಂದು ಡ್ರಮ್ಮಿಗೆ ಕೈಯೊಡ್ಡುತ್ತಿದ್ದರು. ಡ್ರಮ್ಮು ತಿರುಗುವಾಗ ಬೇಕಾಗಿದ್ದ ಮುಯ್ಯಿ, ಕೈ ಹೋದಾಗ ವಂಚನೆಯಾಯಿತು.

ಆದರೂ ಆರೋಪಪತ್ರ ಬರೆದುಕೊಟ್ಟೆ. ಅದು ನನ್ನ ಕೆಲಸ. ‘ತನ್ನ ಹಾಜರಿಗೆ ಬೇರೊಬ್ಬರನ್ನು ಕಳಿಸಿ ಆಡಳಿತಕ್ಕೆ ಮೋಸ ಮಾಡಿದ್ದು’ ಎಂದು ಆರೋಪ. ಹಿರಿಯಾಕೆ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಕಚೇರಿಯ ಕಾಗದ ಏನು ಬಂದರೂ ನಮ್ಮ ಕಡೆಯವರು ಹಾಗೇ ತೆಗೆದುಕೊಳ್ಳುವುದು.

ವಿಚಾರಣೆಗೆ ಮುಂಚೆ ಆಸ್ಪತ್ರೆಗೆ ಹೋದೆ. ಕಿರಿಯಾಕೆಗೆ ಇಪ್ಪತ್ತು ದಾಟಿತ್ತೋ ಇಲ್ಲವೋ. ಬ್ಯಾಂಡೇಜು ಸುತ್ತಿದ ಮೊಂಡುಗೈಯನ್ನು ನಾನು ನೋಡಬಾರದೆಂದು ಸೆರಗಿನಡಿ ಮುಚ್ಚಿಕೊಂಡಳು. ನೋವು ಹೇಗಿದೆ ಎಂದು ಕೇಳಿದೆ.

“ಅಕ್ಕನ ಕೆಲ್ಸಕ್ಕೇನೂ ಆಗಲ್ವಾ ಸ್ವಾಮಿ?”

“ಮೊದಲು ನಿನ್ನ ವಿಷಯ ಹೇಳಮ್ಮ. ಆವತ್ತು ನಿನಗೆ ಬಿಲ್ಲೆ ಕೊಟ್ಟೋರು ಯಾರು? ಕೊಟ್ಟೋರು ನಮ್ಮ ಮೇಸ್ತ್ರಿ ಅಂತ ನೀನು ಹೇಳಿದ್ರೆ, ನೀನು ಕಾರ್ಖಾನೆ ಕೆಲಸ ಮಾಡ್ತಾ ಕೈ ಕಳಕೊಂಡೋಳು ಅಂತ ಆಗುತ್ತೆ. ಪರಿಹಾರ ಬರುತ್ತೆ, ಕಾನೂನಿದೆ.”

“ನಂಗೊತ್ತಿಲ್ಲ ಸ್ವಾಮಿ,” ಎಂದು ಗೋಡೆ ಕಡೆ ತಿರುಗಿಕೊಂಡಳು.

ವಿಚಾರಣೆ ಕಚೇರಿಯ ಕೋಣೆಯಲ್ಲೇ ನಡೆಯಿತು. ಆ ಕಡೆ ಯಜಮಾನರು, ಈ ಕಡೆ ಹಿರಿಯಾಕೆ, ಮೂಲೆಯ ಸ್ಟೂಲಿನ ಮೇಲೆ ಮೇಸ್ತ್ರಿ. ಹೇಳಿದ ಮಾತನ್ನು ನಾನು ಬರೆದುಕೊಳ್ಳುವುದು, ಓದಿ ಹೇಳುವುದು, ಅವರು ರುಜು ಇಲ್ಲವೇ ಹೆಬ್ಬೆಟ್ಟು ಒತ್ತುವುದು. ಕ್ರಮ ಅದು.

ಮೊದಲು ಬಂದ ಹೆಂಗಸರೆಲ್ಲ ಒಂದೇ ರಾಗ ಹಾಡಿದರು. ಮುಯ್ಯಿಯೇ? ಕಾರ್ಖಾನೆಯಲ್ಲೇ? ಕಂಡಿಲ್ಲ, ಕೇಳಿಲ್ಲ. “ಬುಡ್ತು ಅನ್ನಿ ಸ್ವಾಮಿ” ಎಂದಳು ಒಬ್ಬಳು. ಹಿಂದಿನ ವಾರವಷ್ಟೇ ಅವಳ ಬದಲು ಅವಳ ನಾದಿನಿ ಬಂದಿದ್ದಳೆಂದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಬೈದು ಏನು ಮಾಡಲಿ? ಹೌದು ಅಂದರೆ ನಾಳೆ ಆರೋಪಪತ್ರ ಅವಳಿಗೇ. ಹೆದರಿದವರನ್ನು ಹೆದರಿಸಿದವರ ಮುಂದೆಯೇ ಕೂರಿಸಿ ನಿಜ ಹೇಳಿ ಅನ್ನುವುದಕ್ಕೆ ವಿಚಾರಣೆ ಎಂದು ಹೆಸರು.

ಆಮೇಲೆ ಕಿರಿಯಾಕೆ ಬಂದಳು. ಆಸ್ಪತ್ರೆಯಿಂದ ಬಿಟ್ಟು ಕೆಲವೇ ದಿನವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಭ್ಯಾಸಬಲದಿಂದ ಕೈ ಮುಗಿಯಲು ಹೋಗಿ, ಎಡಗೈಯೊಂದನ್ನೇ ಎದೆಯ ಹತ್ತಿರ ತಂದು ನಿಲ್ಲಿಸಿದಳು. ನಾನು ಕೇಳುವ ಮುಂಚೆಯೇ ಕಲಿತು ಬಂದ ಪಾಠ ಒಪ್ಪಿಸಿಬಿಟ್ಟಳು.

“ಅಕ್ಕ ನನ್ನ ಕಳಿಸ್ಲಿಲ್ಲ ಸ್ವಾಮಿ. ಅಕ್ಕಂಗೆ ಗೊತ್ತೇ ಇಲ್ಲ. ನಾನೇ ಬಿಲ್ಲೆ ಕದ್ದು ಒಳಿಕ್ಕೆ ಬಂದೆ. ತೆಪ್ಪೆಲ್ಲ ನಂದೇ.”

ಹಿರಿಯಾಕೆ ತಲೆ ತಗ್ಗಿಸಿ ಕೂತಿದ್ದಳು. ಯಜಮಾನರು ಕುರ್ಚಿಗೆ ಒರಗಿದರು. “ಬರ್ಕೊಳ್ರೀ,” ಎಂದರು ನನಗೆ. ಅವರಿಗೆ ಇದಕ್ಕಿಂತ ಚೆನ್ನಾದ ಮಾತು ಇನ್ಯಾವುದು? ಹಿರಿಯಾಕೆಯನ್ನು ಉಳಿಸಿಕೊಳ್ಳಬಹುದು, ಒಳ್ಳೆಯ ಕೆಲಸಗಾತಿ. ಕಿರಿಯಾಕೆ ಕಳ್ಳಿ. ಕಳ್ಳಿಗೆ ಯಾವ ಕಾನೂನಿನ ಪರಿಹಾರ?

ಪೆನ್ನು ಹಿಡಿದವನು ಬರೆಯಲಾರದೆ ಕೂತೆ. ಬಿಲ್ಲೆ ಕದಿಯಲು ಅದು ಅವರ ಮನೆಯ ಗೂಡಿನಲ್ಲಿರಲಿಲ್ಲ, ಬೀಗ ಹಾಕಿದ ಕೋಣೆಯಲ್ಲಿತ್ತು. ಒಂದೇ ಪ್ರಶ್ನೆ ಕೇಳಿದರೆ ಆ ಸುಳ್ಳು ನಿಲ್ಲುವುದಿಲ್ಲ. ಕೇಳಿದರೆ ಮೇಸ್ತ್ರಿ ಸಿಕ್ಕಿಬೀಳುತ್ತಾನೆ, ಕಿರಿಯಾಕೆ ಕೆಲಸಗಾತಿ ಎಂದು ಸಾಬೀತಾಗುತ್ತದೆ. ಅದೇ ಏಟಿಗೆ ಹಿರಿಯಾಕೆ ಬೇಕೆಂದೇ ಇನ್ನೊಬ್ಬಳನ್ನು ಕಳಿಸಿದಳು ಎಂದೂ ಸಾಬೀತಾಗುತ್ತದೆ, ಅವಳ ಕೆಲಸ ಹೋಗುತ್ತದೆ. ಕೇಳದಿದ್ದರೆ ಹಿರಿಯಾಕೆಯ ಕೆಲಸ ಉಳಿಯುತ್ತದೆ, ಈ ಹುಡುಗಿ ಒಂದು ಕೈಯಲ್ಲಿ ಭಿಕ್ಷೆ ಎತ್ತಬೇಕು.

ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಹೋದೆ. ಅಂಗಳದ ತುಂಬ ನೆನೆದ ಸಿಪ್ಪೆಯ ಕೊಳಕು ವಾಸನೆ. ಆ ಡ್ರಮ್ಮಿಗೆ ಆಗಲೇ ಬೇರೊಬ್ಬಳನ್ನು ಹಾಕಿದ್ದರು. ನಿಂತು ಯೋಚನೆ ಮಾಡಿದೆ. ಹಿರಿಯಾಕೆಗೆ ಎರಡು ಕೈ ಇದೆ. ತೆಂಗಿನ ಸೀಮೆ ಇದು, ಸುಲಿಯುವ ಕಾಯಿಗೆ, ಬಡಿಯುವ ನಾರಿಗೆ ಬರವೇ? ಎರಡು ಕೈ ಇದ್ದವಳು ಎಲ್ಲಾದರೂ ಬದುಕುತ್ತಾಳೆ. ಇದು ನನಗೆ ನ್ಯಾಯವಾಗಿಯೇ ಕಂಡಿತು. ಈಗಲೂ ಅದರಲ್ಲಿ ತಪ್ಪಿದ ಜಾಗ ಯಾವುದು ಎಂದು ಹುಡುಕುತ್ತಿದ್ದೇನೆ.

ಒಳಗೆ ಬಂದು ಕೂತು ಕೇಳಿದೆ: “ಬಿಲ್ಲೆ ಎಲ್ಲಿಂದ ಕದ್ದೆ ತಾಯಿ?”

“ಮನೇಲಿ... ಅಕ್ಕನ ಸೀರೆ ಗಂಟಿಂದ.”

“ಮೇಸ್ತ್ರೀ, ಬಿಲ್ಲೆ ಮನೆಗೆ ಹೋಗುತ್ತಾ?”

ಮೇಸ್ತ್ರಿ ಯಜಮಾನರ ಮುಖ ನೋಡಿದ.

“ಅವರನ್ನೇನು ನೋಡ್ತೀಯಪ್ಪ, ನನ್ನ ನೋಡಿ ಹೇಳು. ಬೀಗದಕೈ ಯಾರ ಹತ್ರ ಇರುತ್ತೆ? ಅವತ್ತು ಬೆಳಿಗ್ಗೆ ಈ ಹುಡುಗಿ ಮುಖ ನೋಡಿ ಬಿಲ್ಲೆ ಕೊಟ್ಟೋರು ಯಾರು?” ನನ್ನ ದನಿ ಅಂಗಳದ ತನಕ ಕೇಳಿಸಿತಂತೆ.

ಅವನು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ. “ನಾನೇ ಕೊಟ್ಟೆ ಸಾರ್. ಸುಗ್ಗೀಲಿ ಡ್ರಮ್ಮು ನಿಲ್ಸಬ್ಯಾಡ, ಯಾರ್ ಬಂದ್ರೂ ತಗೋ ಅಂತ ಹೇಳಿದ್ರು. ನಾನೇನ್ ನಮ್ಮಪ್ಪನ ಮನೆ ಡ್ರಮ್ಮು ಅಂತ ಕೊಟ್ನೇ?”

ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು, ಓದಿ ಹೇಳಿ, ರುಜು ಹಾಕಿಸಿದೆ. ಯಜಮಾನರು ಎದ್ದು ಹೋದರು. ಕಿರಿಯಾಕೆ ಅಳಲಿಲ್ಲ, ಬಾಗಿಲ ಹತ್ತಿರ ತಿರುಗಿ ನಿಂತು ನನಗೆ ಅಂದಳು: “ಮುಯ್ಯಿಗ್ ಹೋದೋಳು ನಾನು. ನನ್ನಿಂದ ಅವ್ಳ ಕೂಳು ಹೋಯ್ತಲ್ಲ ಸ್ವಾಮಿ. ಯಾಕ್ ಕೇಳಿದ್ರಿ?”

ವಿಚಾರಣೆಯ ವರದಿಯಲ್ಲಿ ನಾನು ಹೀಗೆ ಬರೆದೆ: ಗಾಯಗೊಂಡ ಹೆಂಗಸು ಮೇಸ್ತ್ರಿಯ ಮೂಲಕ ಕಾರ್ಖಾನೆಯೇ ಕೆಲಸಕ್ಕೆ ಹಚ್ಚಿದ ಕೆಲಸಗಾತಿ, ಬದಲಿ ಬರುವ ರೂಢಿ ಆಡಳಿತಕ್ಕೆ ಗೊತ್ತಿತ್ತು, ಆದ್ದರಿಂದ ಹಿರಿಯಾಕೆಗೆ ಎಚ್ಚರಿಕೆ ಕೊಟ್ಟು ಬಿಟ್ಟರೆ ಸಾಕು. ವರದಿ ಕೊಡುವುದು ನನ್ನ ಕೆಲಸ, ಶಿಕ್ಷೆ ವಿಧಿಸುವುದು ಯಜಮಾನರ ಹಕ್ಕು. ಅವರು ಅದನ್ನೆಲ್ಲ ಬದಿಗಿಟ್ಟು ಹಿರಿಯಾಕೆಯನ್ನು ವಜಾ ಮಾಡಿದರು. ಮೇಸ್ತ್ರಿಗೆ ಕೆಲವು ದಿನ ಮನೆಯಲ್ಲಿ ಕೂರಲು ಹೇಳಿ ವಾಪಸ್ ಕರೆಸಿಕೊಂಡರು.

ವಜಾ ಆದೇಶ ಕೊಡುವಾಗ ಹಿರಿಯಾಕೆಗೆ ನಾನು ಅಂದೆ: “ನಿನಗೆ ಎರಡು ಕೈ ಇದೆಯಲ್ಲಮ್ಮ. ಈ ಬಾಗಿಲು ಮುಚ್ಚಿದ್ರೆ ಇನ್ನೊಂದು. ಅವಳನ್ನ ನೆನೆಸ್ಕೊಂಡು ಸಮಾಧಾನ ಮಾಡ್ಕೊ.” ಅವಳು ಅದನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಆ ಕಾಗದವನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ.

ಮುಂದಿನ ಕೆಲಸ ಪರಿಹಾರದ್ದು. ತುಮಕೂರಿನ ಕಾರ್ಮಿಕ ಕಚೇರಿಯಲ್ಲಿ ಕಿರಿಯಾಕೆಯ ಅರ್ಜಿ ವಿಚಾರಣೆಗೆ ಬಂತು. ಕಾರ್ಖಾನೆಯ ಪರವಾಗಿ ಹೋಗಬೇಕಾದವನು ನಾನೇ. ವಕೀಲರು ಹೇಳಿಕೊಟ್ಟದ್ದನ್ನು ಯಜಮಾನರು ನನಗೆ ಹೇಳಿಕೊಟ್ಟರು: ಆಸ್ಪತ್ರೆಯ ದಾಖಲೆಯಲ್ಲಿ ಕೈ ಹೋಗಿರುವುದು ಹಿರಿಯಾಕೆಗೆ. ಅರ್ಜಿ ಹಾಕಿರುವವಳು ಬೇರೆ. ಇವಳ ಕೈ ಎಲ್ಲಿ ಹೋಯಿತೋ ನಮಗೇನು ಗೊತ್ತು ಎಂದು ವಾದಿಸಿ.

“ಅದೊಂದು ನನ್ನ ಬಾಯಲ್ಲಿ ಬರಲ್ಲ ಸಾರ್. ಬೇರೆ ಯಾರನ್ನಾದ್ರೂ ಕಳ್ಸಿ,” ಎಂದೆ.

“ನಿಮ್ಮ ಬಾಯಿ ಜಾಸ್ತಿಯಾಯ್ತು ಕಣ್ರೀ,” ಎಂದರು. ಆದರೂ ಕಳಿಸಿದರು. ವಾದ ಮಾಡಲು ವಕೀಲರು ಬರುತ್ತಾರೆ, ನೀವು ಕಾಗದ ಹೊತ್ತುಕೊಂಡು ಹೋದರೆ ಸಾಕು ಎಂದರು.

ವಕೀಲರು ಆ ವಾದವನ್ನೇ ಹೂಡಿದರು. ಅಧಿಕಾರಿಗಳು ಕನ್ನಡಕ ಸರಿಮಾಡಿಕೊಂಡು, “ಹಾಗಾದರೆ ದಾಖಲೆಯಲ್ಲಿರೋ ಹೆಂಗಸು ಎಲ್ಲಿ?” ಎಂದು ಕೇಳಿದರು.

ಹಿಂದಿನ ಬೆಂಚಿನಿಂದ ಹಿರಿಯಾಕೆ ಎದ್ದಳು. ಅವಳು ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಓರಗಿತ್ತಿಯರಿಬ್ಬರೂ ಬೇರೆ ಒಲೆ ಹೂಡಿದ್ದಾರೆ, ಮಾತಿಲ್ಲ ಎಂದು ಕೇಳಿದ್ದೆ. ಸೊರಗಿ ಕಡ್ಡಿಯಾಗಿದ್ದಳು. ಮುಂದೆ ಬಂದು, ತನ್ನ ಹೆಸರು ಹೇಳಿ, ಎರಡೂ ಕೈಯನ್ನು ಮೊಣಕೈ ತನಕ ಸೆರಗಿನಿಂದ ಹೊರಗೆ ಚಾಚಿ ಅಧಿಕಾರಿಗಳ ಮೇಜಿನ ಮೇಲೆ ಇಟ್ಟಳು. ಅಂಗೈ ಮೇಲೆ ಮಾಡಿದಳು, ಆಮೇಲೆ ಮಗುಚಿದಳು.

“ನಂದು ಎಲ್ಲ ಸರಿಯಾಗೈತೆ ಬುದ್ಧಿ. ಹೋಗಿರೋದು ಅವಳ್ದು. ನನ್ ಬದ್ಲಿಗೆ ಬಂದು ಹೋಯ್ತು.”

ಮೇಸ್ತ್ರಿಯ ರುಜು ಇದ್ದ ಹೇಳಿಕೆಯನ್ನು ನಾನು ಮುಂದೆ ಸರಿಸಿದೆ. ವಕೀಲರು ನನ್ನನ್ನು ದುರುಗುಟ್ಟಿ ನೋಡಿದರು. ಅರ್ಜಿ ಕಿರಿಯಾಕೆಯ ಪರವಾಯಿತು.

ಹೊರಗೆ ಬಂದಾಗ ಇಬ್ಬರೂ ಬೇವಿನ ಮರದ ಕೆಳಗೆ ನಿಂತಿದ್ದರು. ಕಿರಿಯಾಕೆ ಅಕ್ಕನ ಸೆರಗು ಹಿಡಿದುಕೊಂಡು ಏನೋ ಹೇಳಲು ಹೋದಳು. ಹಿರಿಯಾಕೆ ಮೆಲ್ಲಗೆ ಸೆರಗು ಬಿಡಿಸಿಕೊಂಡಳು.

“ಆವತ್ತು ನಂಗೋಸ್ಕರ ಒಂದಿನ ಬಂದೆ. ಇವತ್ತು ನಿಂಗೋಸ್ಕರ ಒಂದಿನ ಬಂದಿವ್ನಿ. ಮುಯ್ಯಿ ತೀರ್ತು ಕಣಮ್ಮಿ.”

ಕಿರಿಯಾಕೆ ಅಲ್ಲೇ ಬಿಕ್ಕತೊಡಗಿದಳು. ನಾನು ಹತ್ತಿರ ಹೋಗಿ ಹಿರಿಯಾಕೆಗೆ, ನೀನು ಬಂದದ್ದು ದೊಡ್ಡ ಉಪಕಾರವಾಯಿತಮ್ಮ, ಈಗ ಎಲ್ಲಿ ಕೆಲಸ ಮಾಡುತ್ತಿದ್ದೀಯ ಎಂದು ಕೇಳಿದೆ.

ಅವಳು ಹೇಳಿದಳು. ಯಾವ ನಾರಿನ ಕಾರ್ಖಾನೆಯಲ್ಲೂ ಸೇರಿಸಿಕೊಳ್ಳಲಿಲ್ಲವಂತೆ. ಕೋರ್ಟು ಕಚೇರಿ ತಂದವಳು ಎಂದು ಗೇಟಿನಲ್ಲೇ ವಾಪಸ್ ಕಳಿಸಿದರಂತೆ. ಕಾಯಿ ಮಂಡಿಗಳಿಗೂ ಸುದ್ದಿ ಮುಟ್ಟಿತ್ತು. ಊರಿನಲ್ಲಿ ಕುಯ್ಲಿನ ಮುಯ್ಯಿಗೂ ಯಾರೂ ಕರೆಯುತ್ತಿಲ್ಲವಂತೆ. ಮುಯ್ಯಾಳಿನ ಕೈ ತಿಂದವಳ ಜೊತೆ ಮುಯ್ಯಿ ಯಾಕೆ ಎಂದು.

ಅಧಿಕಾರಿಗಳ ಮೇಜಿನ ಮೇಲೆ ಇಟ್ಟಿದ್ದ ಹಾಗೆಯೇ ಎರಡೂ ಕೈಯನ್ನು ನನ್ನ ಮುಂದೆ ಚಾಚಿದಳು.

“ಎರಡು ಕೈ ಐತಲ್ಲಮ್ಮ ಅಂದ್ರಲ್ಲ ಸ್ವಾಮಿ. ತಗಳಿ, ಎರಡೂ ಇಲ್ಲೇ ಐತೆ. ಕೆಲ್ಸ ಎಲ್ಲೈತೆ ತೋರ್ಸಿ.”